ಪಟದ ತಾತನ ಎಣಿಕೆ

ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟಕ್ಕೆ ಏನೂ ಆಗಿಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳದೆ ಮೊಮ್ಮಗ ತುಮಕೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ತಣ್ಣನೆಯ ಮೇಜಿನ ಮೇಲೆ ಮಲಗಿಸಿ ಉಸಿರು ಬಿಗಿಹಿಡಿಯಲು ಹೇಳಿದರು, ಹಿಡಿದೆ. ಆಮೇಲೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಕತ್ತಲೆ ಕೋಣೆಯ ಬಾಗಿಲು ತೆರೆದು, ಅಲ್ಲಿನ ಕೆಲಸದವನು ನೀರು ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಹಿಡಿದು ಬಂದ. ಅವನ ಹಿಂದೆಯೇ ಒಂದು ವಾಸನೆ ಬಂತು. ಹುಳಿ ಹುಳಿ, ಸ್ವಲ್ಪ ಗಂಧಕದ ಘಾಟು, ಮೂಗಿನ ಹೊಳ್ಳೆಯಲ್ಲಿ ಕೂತುಬಿಡುವಂಥದ್ದು... ಪಟ ತೊಳೆಯುವ ಹೈಪೋ ನೀರಿನ ವಾಸನೆ. ಐವತ್ತು ವರ್ಷದಿಂದ ಅದನ್ನು ಮೂಸಿರಲಿಲ್ಲ. ಡಾಕ್ಟರು ನನ್ನ ಮೂಳೆಯ ವಿಷಯ ಏನೇನೋ ಹೇಳುತ್ತಿದ್ದರು. ನಾನು ಮಧುಗಿರಿಯ ನಮ್ಮ ಹಿತ್ತಲಿನಲ್ಲಿ ನಿಂತಿದ್ದೆ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಕಲ್ಲುಗೋಡೆ ಇತ್ತು. ಗೋಡೆಯ ಆಚೆ ಇದ್ದವರು ಪಟ ತೆಗೆಯುತ್ತಿದ್ದರು. ಆಗ ಫೋಟೋ ಎನ್ನುವವರು ಕಚೇರಿಯವರು ಮಾತ್ರ, ನಮಗೆಲ್ಲ ಅದು ಪಟ. ಅವರಿಗೆ ವಯಸ್ಸೂ ಆಗಿತ್ತು, ಹೆಂಡತಿ ಮಕ್ಕಳು ಇರಲಿಲ್ಲ, ಹೀಗಾಗಿ ಊರಿಗೆಲ್ಲ ಪಟದ ತಾತ. ಊರಿನ ಹೆಸರು ಬದಲಾಗಿ ಎಷ್ಟೋ ವರ್ಷವಾಗಿದ್ದರೂ ಮದ್ದಗಿರಿ ಎಂದೇ ಹೇಳುತ್ತಿದ್ದರು. ಹೆಸರು ಬದಲಾಯಿಸುವಾಗ ತಮ್ಮನ್ನು ಯಾರೂ ಕೇಳಲಿಲ್ಲ ಎನ್ನುವುದು ಅವರ ತಕರಾರು.

ಅವರ ಬಾವಿಯ ನೀರು ಸವಳು. ಆ ನೀರಿನಲ್ಲಿ ತೊಳೆದರೆ ಗಾಜಿನ ಪ್ಲೇಟು ಒಣಗಿದ ಮೇಲೆ ಬಿಳಿ ಚುಕ್ಕೆ ಕೂತು, ಮದುವೆ ಗಂಡಿನ ಮುಖಕ್ಕೆ ಸಿಡುಬು ಎದ್ದಂತೆ ಕಾಣುತ್ತಿತ್ತು. ನಮ್ಮದು ಸಿಹಿನೀರು. ದಿನಾ ಬೆಳಿಗ್ಗೆ ಎರಡು ಬಿಂದಿಗೆ ನೀರು ನಮ್ಮ ಬಾವಿಯಿಂದ ಗೋಡೆ ದಾಟಿ ಆಚೆ ಹೋಗಬೇಕು. ಸೇದಿ ಕೊಡುತ್ತಿದ್ದವಳು ನನ್ನ ಸೋದರತ್ತೆ.

ಅತ್ತೆ ನನ್ನ ಅಪ್ಪನ ತಂಗಿ. ಹದಿನಾಲ್ಕಕ್ಕೆ ಮದುವೆಯಾಗಿ, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಬಿಳಿ ಸೀರೆಯುಟ್ಟು ತವರಿಗೆ ವಾಪಸು ಬಂದವಳು. ಮನೆಯಲ್ಲಿ ಯಾರೂ ಅವಳಿಗೆ ಕೆಟ್ಟ ಮಾತು ಆಡುತ್ತಿರಲಿಲ್ಲ, ಆಡುವ ಅಗತ್ಯವನ್ನೇ ಅವಳು ಇಟ್ಟಿರಲಿಲ್ಲ. ವರ್ಷದ ಮೊದಲ ಉಳುಮೆಗೆ ಹೊನ್ನಾರು ಹೂಡುವ ದಿನ, ಬಸುರಿಗೆ ಹೂ ಮುಡಿಸುವ ದಿನ, ಯಾರೂ ಹೇಳುವ ಮೊದಲೇ ಉಗ್ರಾಣ ಸೇರಿಬಿಡುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಬೈದವಳು ಎಲ್ಲ ಅವಳೇ.

ತಾತನ ಪಟದ ಕೋಣೆಗೆ ಅರ್ಧ ಹೆಂಚು, ಅರ್ಧ ಗಾಜು. ಗಾಜಿನ ಕೆಳಗೆ ದಾರ ಎಳೆದರೆ ಸರಿಯುವ ಬಿಳಿ ಬಟ್ಟೆ. ಅವರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರ ಮುಚ್ಚಳದಲ್ಲಿ ಒಂದು ಸೀಳು, ಸೀಳಿನ ಪಕ್ಕ ಅವರೇ ಬಳಿದ ಕಂದು ಬಣ್ಣದ ಪಟ್ಟಿ. ಒಳಗೆ ಬಿಸಿಲು ಕಂಡರೆ ಕಪ್ಪಾಗುವ ಕಾಗದದ ಚೂರು. ಡಬ್ಬಿಯನ್ನು ಆಕಾಶಕ್ಕೆ ತೋರಿಸಿ ಎಣಿಸುತ್ತಾ ನಿಲ್ಲುತ್ತಿದ್ದರು. ಕಾಗದ ಆ ಕಂದು ಬಣ್ಣಕ್ಕೆ ತಿರುಗಲು ಎಷ್ಟು ಎಣಿಕೆ ಬೇಕಾಯಿತೋ, ಅದರ ಮೇಲೆ ಕ್ಯಾಮೆರಾದ ಮುಚ್ಚಳ ಎಷ್ಟು ಹೊತ್ತು ತೆಗೆದಿಡಬೇಕೆಂಬ ಲೆಕ್ಕ. ಶುಭ್ರವಾದ ದಿನ ಕೋಣೆಯೊಳಗೆ ನಾಲ್ಕು ಎಣಿಕೆ. ಮೋಡ ಅಡ್ಡ ಬಂದರೆ ಮೋಡಕ್ಕೇ ಬೈಗುಳ. ಪಟ ತೆಗೆಸಲು ಬಂದವರು ಅಮಲ್ದಾರರೇ ಆಗಿರಲಿ, ಡಬ್ಬಿ ಒಪ್ಪುವವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು.

ಇನ್ನು ನನ್ನ ವಿಷಯ. ನಾನು ಕಪ್ಪು. ಗೋಧಿ ಬಣ್ಣದವರು ನಾಚಿಕೊಂಡು ನಾನು ಸ್ವಲ್ಪ ಕಪ್ಪು ಎನ್ನುತ್ತಾರಲ್ಲ, ಆ ಕಪ್ಪಲ್ಲ. ಪಕ್ಕದಲ್ಲಿ ರಾಗಿಮುದ್ದೆ ಇಟ್ಟರೆ ಮುದ್ದೆಗೆ ಸಮಾಧಾನವಾಗುವಂಥ ಕಪ್ಪು. ಈಗ ನಗುತ್ತಾ ಬರೆಯುತ್ತೇನೆ. ಹದಿನೇಳನೆಯ ವಯಸ್ಸಿನಲ್ಲಿ ನಗು ಬರುತ್ತಿರಲಿಲ್ಲ. ಎರಡು ಕಡೆಯವರು ನೋಡಿಹೋಗಿದ್ದರು. ಅದರಲ್ಲಿ ಒಂದು ಕಡೆಯವರು ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಊರು ದಾಟುವ ಮೊದಲೇ ಹುಡುಗಿ ಕಪ್ಪು ಎಂದು ಹೇಳಿಕಳಿಸಿದರು.

ಮೂರನೆಯದು ಪಾವಗಡದ ಕಡೆಯ ಸಂಬಂಧ. ಹುಡುಗ ಶಾಲೆ ಮೇಷ್ಟ್ರು. ಅವನ ಮನೆಯವರು ಮೊದಲು ಪಟ ಕಳಿಸಿ, ಹಿಡಿಸಿದರೆ ಬರುತ್ತೇವೆ ಎಂದು ಹೇಳಿಕಳಿಸಿದ್ದರು. ಇದೂ ತಪ್ಪಿದರೆ ಕೊರಟಗೆರೆ ಕಡೆಯಿಂದ ಬಂದಿದ್ದ ಎರಡನೆಯ ಮದುವೆಯ ಸಂಬಂಧಕ್ಕೆ ಹೂಂ ಎನ್ನುವುದೆಂದು ಅಪ್ಪ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆತ ಹೆಂಡತಿ ಸತ್ತವನು, ಮೂರು ಮಕ್ಕಳ ತಂದೆ, ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನಿದ್ದರೆ ಹೆಚ್ಚು. ನನ್ನ ಹಿಂದೆ ತಂಗಿ ಬೆಳೆಯುತ್ತಿದ್ದಳು, ಅಪ್ಪನ ಆತುರಕ್ಕೂ ಅರ್ಥವಿತ್ತು. ಆದರೆ ನಾನು ಬಾವಿಕಟ್ಟೆಯ ಮೇಲೆ ಕೂತು ನೀರು ನೋಡುವುದು ಜಾಸ್ತಿಯಾಗಿತ್ತು. ಅತ್ತೆ ಅದನ್ನು ಗಮನಿಸಿದ್ದಳು.

ಎರಡು ವರ್ಷದ ಹಿಂದೆ ತಾತ ತೆಗೆದಿದ್ದ ನಮ್ಮ ಮನೆಯವರ ಪಟ ಒಂದಿತ್ತು. ಅದರಲ್ಲಿ ನಾನು ಎರಡು ಕಣ್ಣು ಮತ್ತು ಒಂದು ಸಾಲು ಹಲ್ಲು, ಅಷ್ಟೆ. ಮಿಕ್ಕಿದ್ದೆಲ್ಲ ಮಸಿ. ಅದನ್ನು ಪಾವಗಡಕ್ಕೆ ಕಳಿಸುವ ಹಾಗಿರಲಿಲ್ಲ. ಅಪ್ಪ ಗೋಡೆಯ ಹತ್ತಿರ ನಿಂತು, ಹೇಗಾದರೂ ಮಾಡಿ ಹುಡುಗಿಯನ್ನು ಒಂಚೂರು ಬೆಳ್ಳಗೆ ತೆಗೆದುಕೊಡಬೇಕೆಂದು ಕೇಳಿಕೊಂಡರು.

"ಪೌಡ್ರು ಬಳುದ್ರೆ ಬೂದುಗುಂಬಳಕಾಯಿ ಆಯ್ತದೆ ಕಣಪ್ಪ," ಎಂದರು ತಾತ. ಆಮೇಲೆ ಅವರ ಮುಖ ಹಬ್ಬದ ದಿನದ ಮಕ್ಕಳ ಮುಖದಂತೆ ಆಯಿತು. "ತಡಿ, ನನ್ನತ್ರ ಒಂದು ಪೆಟ್ಗೆ ಐತೆ."

ಆ ಪೆಟ್ಟಿಗೆಯ ಕಥೆ ಹೀಗೆ. ಯುದ್ಧದ ಕಾಲ ಅದು. ನೆಲ ಅಳೆಯುವ ಮೋಜಿಣಿ ಕೆಲಸಕ್ಕೆಂದು ಬಂದ ಒಬ್ಬ ಬಿಳಿ ದೊರೆ ತಿಂಗಳುಗಟ್ಟಲೆ ಬೆಟ್ಟ ಬೆಟ್ಟ ಹತ್ತಿ ಪಟ ತೆಗೆಯುತ್ತಿದ್ದ. ಮಸುಕು ಮುಚ್ಚಿ ನಮ್ಮ ಕಣ್ಣಿಗೆ ಕಾಣದ ದೂರದ ಗುಡ್ಡಗಳು ಅವನ ಪಟದಲ್ಲಿ ಅಂಗೈಯ ಗೆರೆಯ ಹಾಗೆ ಕಾಣುತ್ತಿದ್ದವಂತೆ. ಕಣ್ಣಿಗೆ ಕಾಣುವ ಕೆಂಪಿನ ಆಚೆಗೂ ಒಂದು ಬೆಳಕು ಇದೆ, ಅದನ್ನು ಹಿಡಿಯುವ ಪ್ಲೇಟು ಇವು ಎಂದು ಅವನು ತಾತನಿಗೆ ವಿವರಿಸಿದ್ದ. ಹೋಗುವಾಗ ಅವಧಿ ಮುಗಿಯುತ್ತಾ ಬಂದ ಆರು ಪ್ಲೇಟಿನ ಒಂದು ಪೆಟ್ಟಿಗೆಯನ್ನೂ, ಕ್ಯಾಮೆರಾದ ಕಣ್ಣಿನ ಮುಂದೆ ಇಡುವ ಕಡುಗೆಂಪು ಗಾಜನ್ನೂ, ತನ್ನ ಕೂಲಿಯಾಳುಗಳ ಒಂದು ಪಟವನ್ನೂ ಕೊಟ್ಟುಹೋದ. ಆ ಪಟದಲ್ಲಿ ಬಿಸಿಲಿನಲ್ಲಿ ಬೆಂದ ನಮ್ಮ ಕಡೆಯ ಗಂಡಸರು ಕೌಪೀನ ಕಟ್ಟಿಕೊಂಡ ದೊರೆಗಳ ಹಾಗೆ ಬೆಳ್ಳಗೆ ನಿಂತಿದ್ದರು. ತಾತ ಅದನ್ನು ತೋರಿಸಿದಾಗ ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದರು. ನಾನೂ ನೋಡಿದೆ. ಆಸೆ ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಆದರೆ ಈ ಪ್ಲೇಟಿಗೆ ಎಷ್ಟು ಎಣಿಸಬೇಕು? ಅದನ್ನು ಹೇಳುವವರು ಯಾರೂ ಇರಲಿಲ್ಲ. ದೊರೆಯ ಹತ್ತಿರ ಬೆಳಕು ಅಳೆಯುವ, ಮುಳ್ಳು ಓಡುವ ಒಂದು ಯಂತ್ರವಿತ್ತಂತೆ, ಅದಕ್ಕೂ ಈ ಬೆಳಕು ತಿಳಿಯುತ್ತಿರಲಿಲ್ಲವಂತೆ. ಅವನೇ ಅಂದಾಜಿನ ಮೇಲೆ ಪ್ಲೇಟು ಹಾಳು ಮಾಡಿ ಕಲಿತದ್ದು. ಮುಂದಿನ ಒಂದು ವಾರ ತಾತ ಊಟ ಬಿಟ್ಟು ಅದರ ಹಿಂದೆ ಬಿದ್ದರು. ಗೋಡೆಯ ಈಚೆಯಿಂದ ನನಗೂ ಅತ್ತೆಗೂ ವರದಿ ಸಿಗುತ್ತಿತ್ತು.

ಮೊದಲನೆಯ ಪ್ಲೇಟು ಹೋದದ್ದು ಅಭ್ಯಾಸಬಲದಿಂದ. ಮೂವತ್ತು ವರ್ಷ ಕೆಂಪು ದೀಪದ ಮುಂದೆ ಪ್ಲೇಟು ತೊಳೆದವರು ಅವರು. ಮಾಮೂಲಿ ಪ್ಲೇಟಿಗೆ ಕೆಂಪು ಕಾಣುವುದಿಲ್ಲ, ಅದು ಕುರುಡು. ಈ ಪ್ಲೇಟಿಗೋ ಕೆಂಪೇ ಕಣ್ಣು. ದೀಪ ಹಚ್ಚಿಕೊಂಡು ಕೂತವರ ಕೈಯಲ್ಲೇ ಅದು ಕಾವಲಿಯ ತಳದಂತೆ ಕಪ್ಪಾಯಿತು. ಎರಡನೆಯದನ್ನು ಡಬ್ಬಿಯ ಲೆಕ್ಕದಂತೆ ಗಾಜಿನ ಕೋಣೆಯಲ್ಲಿ ತೆಗೆದರು, ಅದರಲ್ಲಿ ಏನೂ ಮೂಡಲಿಲ್ಲ. ತಣ್ಣನೆಯ ನೆರಳಿನ ಬೆಳಕು ಅದಕ್ಕೆ ಸಾಲದು, ನೇರ ಬಿಸಿಲೇ ಆಗಬೇಕು ಎಂದು ಅದರಿಂದ ತಿಳಿಯಿತು. ಮೂರನೆಯದಕ್ಕೆ ಬುದ್ಧಿ ಓಡಿಸಿದರು. ಹಿತ್ತಲಿನ ಕರಿಬೇವಿನ ಗಿಡದ ಮುಂದೆ ಕ್ಯಾಮೆರಾ ಇಟ್ಟು, ಪ್ಲೇಟಿನ ಮುಚ್ಚುಹಲಗೆಯನ್ನು ಎರಡೆರಡು ಬೆರಳಷ್ಟು ಎಳೆಯುತ್ತಾ ಒಂದೇ ಪ್ಲೇಟಿನ ಮೇಲೆ ಐದು ಬೇರೆ ಬೇರೆ ಎಣಿಕೆಯ ಪಟ್ಟಿ ತೆಗೆದರು. ಪಟ್ಟಿ ತೆಗೆಯುವಾಗಲೆಲ್ಲ ಕಣ್ಣು ಮುಚ್ಚಿ ಕೆನ್ನೆಯನ್ನು ಬಿಸಿಲಿಗೆ ಒಡ್ಡಿ ನಿಲ್ಲುತ್ತಿದ್ದರು.

"ಇದೇನ್ ತಾತ, ಬಿಸ್ಲು ಕಾಯ್ಸ್ತಿದೀರಾ?" ಎಂದು ನಾನು ಗೋಡೆಯ ಮೇಲಿಂದ ಕೇಳಿದೆ.

"ಕಣ್ಣಿಗೆ ಕಾಣ್ದೇ ಇರಾದು ಚರ್ಮಕ್ಕೆ ತಿಳೀತದೆ ಕಣವ್ವ," ಎಂದರು. ಕೆನ್ನೆ ಎಷ್ಟು ಚುರುಗುಟ್ಟಿದಾಗ ಎಷ್ಟು ಎಣಿಸಿದರೆ ಎಲೆ ಚೆನ್ನಾಗಿ ಮೂಡುತ್ತದೆ ಎಂದು ಕಲಿತುಕೊಂಡರು. ಪಟದಲ್ಲಿ ಕರಿಬೇವು ಸುಣ್ಣ ಬಳಿದಂತೆ ಬೆಳ್ಳಗೆ ನಿಂತಿತ್ತು. ಹಸಿರೇ ಬೆಳ್ಳಗಾಗುವುದಾದರೆ ನನ್ನ ಗತಿ ಏನು, ನಾನು ದೊರೆಸಾನಿಯೇ ಆಗುವುದು ಎಂದುಕೊಂಡೆ.

ನಾಲ್ಕನೆಯ ಪ್ಲೇಟು ನನಗೆ. ಒಂದು ಬೆಳಿಗ್ಗೆ ಅವರ ಹಿತ್ತಲಿನಲ್ಲಿ ಮರದ ಕುರ್ಚಿ ಹಾಕಿದರು. ಅವ್ವ ತನ್ನ ಮದುವೆಯ ಕಡುಗೆಂಪು ಸೀರೆಯನ್ನು ನನಗೆ ಉಡಿಸಿದಳು. ಸಂಬಂಧ ಕೂಡಿಬರಲಿ ಎಂದು ಹಣೆಗೆ ಕಾಸಗಲದ ಕುಂಕುಮ ಇಟ್ಟಳು, ಎರಡು ಕೈಗೂ ಹಸಿರು ಬಳೆ ತೊಡಿಸಿದಳು, ಜಡೆಗೆ ಕನಕಾಂಬರ ಮುಡಿಸಿದಳು. ತಾತ ಕೆನ್ನೆ ಒಡ್ಡಿದರು, ಕೆಂಪು ಗಾಜು ಸಿಕ್ಕಿಸಿದರು, ಹನ್ನೆರಡು ಎಣಿಸಿದರು. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ರೆಪ್ಪೆ ಬಡಿಯದೆ ಕೂತೆ.

ಮಾರನೆಯ ದಿನ ಪ್ಲೇಟನ್ನು ಚೌಕಟ್ಟಿಗೆ ಹಾಕಿ, ಕೆಳಗೆ ಕಾಗದ ಇಟ್ಟು, ಬಿಸಿಲಿಗೆ ಇಟ್ಟಿದ್ದರು. ಅಪ್ಪನಿಗೆ ತಾಳ್ಮೆ ಇಲ್ಲ. ತಾತ ಒಳಗೆ ಹೋಗಿದ್ದಾಗ ಚೌಕಟ್ಟು ಬಿಚ್ಚಿ ಪಟವನ್ನು ನಮ್ಮ ಮನೆಗೆ ತಂದೇಬಿಟ್ಟರು. "ನೋಡೇ, ನೋಡೇ ನಿನ್ ಮಗಳ್ನ," ಎಂದು ಅವ್ವನ ಕೈಗೆ ಕೊಟ್ಟರು. ನಾನು ಭುಜದ ಮೇಲಿಂದ ಬಗ್ಗಿ ನೋಡಿದೆ. ಹಾಲಿನಂಥ ಮುಖ, ಕಪ್ಪು ದೊಡ್ಡ ಕಣ್ಣು. ನಾನೇ, ಆದರೆ ನಾನಲ್ಲ. ಒಂದು ಗಳಿಗೆ ಎಷ್ಟು ಖುಷಿಯಾಯಿತೆಂದರೆ ಹೇಳಲು ಈಗಲೂ ನಾಚಿಕೆ.

"ಕುಂಕ್ಮ ಎಲ್ಲಿ?" ಎಂದಳು ಅವ್ವ.

ಆಗ ಎಲ್ಲರೂ ನೋಡಿದೆವು. ಹಣೆ ಬೋಳು. ಕಡುಗೆಂಪು ಸೀರೆ ಅಂಚೂ ಕಾಣದಂತೆ ಬೆಳ್ಳಗಾಗಿತ್ತು. ಹಸಿರು ಬಳೆಗಳು ಮುಂಗೈಯ ಬಣ್ಣದಲ್ಲೇ ಕರಗಿ ಕೈ ಖಾಲಿಯಾಗಿತ್ತು. ಆ ಪ್ಲೇಟಿಗೆ ಕೆಂಪು, ಹಸಿರು, ನನ್ನ ಬಣ್ಣ ಎಲ್ಲವೂ ಒಂದೇ ಬಿಳುಪು. ದೊರೆಯ ಪಟದಲ್ಲಿ ಇದ್ದವರೆಲ್ಲ ಬರಿ ಹಣೆಯ ಗಂಡಸರು, ತಾತ ಪರೀಕ್ಷೆ ಮಾಡಿದ್ದು ಕರಿಬೇವಿನ ಗಿಡದ ಮೇಲೆ. ಕುಂಕುಮದ ಯೋಚನೆ ಯಾರಿಗೆ ಬಂದೀತು? ಅವ್ವ ಬಾಯಿ ಬಡಿದುಕೊಂಡು ಅಲ್ಲೇ ಕುಸಿದು ಕೂತಳು.

ಅಷ್ಟರಲ್ಲಿ ತಾತ ಓಡಿಬಂದರು. ಅಪ್ಪ ಪಟವನ್ನು ಅವರ ಕಾಲಬುಡಕ್ಕೆ ಎಸೆದರು. "ಮದ್ವೆಗ್ ಮುಂಚೇನೇ ನನ್ ಮಗಳ್ನ ಮುಂಡೆ ಮಾಡ್ಬುಟ್ಯಲ್ಲೋ! ಇನ್ಮೇಲೆ ನಮ್ ಬಾವಿ ನೀರು ಒಂದ್ ತೊಟ್ಟು ನಿನ್ ಮನೆಗೆ ಬಂದ್ರೆ ಕೇಳು!"

ತಾತ ತಲೆ ತಗ್ಗಿಸಿ ಬಂದ ದಾರಿಯಲ್ಲೇ ಹೋದರು. ಅಪ್ಪ ಆ ಮಾತು ಆಡಿದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು ಎನ್ನುವುದು ಆಮೇಲೆ ನಮ್ಮೆಲ್ಲರ ಗಮನಕ್ಕೆ ಬಂತು. ಎಲ್ಲರೂ ಚದುರಿದ ಮೇಲೆ ಅವಳು ಬಂದು ನೆಲದಿಂದ ಪಟ ಎತ್ತಿಕೊಂಡಳು. ಸೆರಗಿನಿಂದ ಧೂಳು ಒರೆಸಿದಳು. ಬಹಳ ಹೊತ್ತು ನೋಡಿದಳು.

"ಆಗ ನಾನು ಹಿಂಗೇ ಇದ್ದೆ ಕಣೆ," ಎಂದಳು. ಅಷ್ಟೇ ಹೇಳಿದ್ದು.

ಆ ಪಟವನ್ನು ಅವ್ವ ಒಲೆಗೆ ಹಾಕಿದಳು. ಸುದ್ದಿ ಊರಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮದುವೆ ಹೆಣ್ಣಿಗೆ ಪಟದ ತಾತ ವಿಧವೆಯ ಕಳೆ ತರಿಸಿದನಂತೆ ಎಂದರು. ಆ ವಾರ ಅವರಿಂದ ಪಟ ತೆಗೆಸಬೇಕಿದ್ದ ಒಂದು ಮದುವೆಯವರು ಬೇರೆಯವರನ್ನು ನೋಡಿಕೊಂಡರು. ಗೋಡೆಯ ಆಚೆ ಸದ್ದಿಲ್ಲ. ಇತ್ತ ಅಪ್ಪ, ಪಾವಗಡದವರಿಗೆ ಕೊಟ್ಟ ಮಾತಿನ ದಿನ ಹತ್ತಿರ ಬಂತು, ಕಳಿಸಲು ಪಟವಿಲ್ಲ, ಸೋಮವಾರ ಕೊರಟಗೆರೆಗೆ ಹೋಗಿ ಬರುತ್ತೇನೆ ಎಂದರು. ಅಂದರೆ ಮೂರು ಮಕ್ಕಳ ತಂದೆಗೆ ಒಪ್ಪಿಗೆ ಹೇಳಿ ಬರುವುದು ಎಂದರ್ಥ. ನಾನು ಅಳಲಿಲ್ಲ. ಅಳುವುದಕ್ಕೂ ಒಂದು ಆಸೆ ಉಳಿದಿರಬೇಕು.

ಶನಿವಾರ ಬೆಳಿಗ್ಗೆ ಅಪ್ಪ ಅವ್ವ ಇಬ್ಬರೂ ಕಡಲೆಕಾಯಿ ಹೊಲಕ್ಕೆ ಹೋಗಿದ್ದರು. ಅತ್ತೆ ನೀರು ಸೇದುತ್ತಿದ್ದಳು, ನಾನು ಪಕ್ಕದಲ್ಲಿ ಪಾತ್ರೆ ಬೆಳಗುತ್ತಿದ್ದೆ. ತಾತ ಗೋಡೆಯ ಹತ್ತಿರ ಬಂದು ನಿಂತರು. ಬಿಂದಿಗೆ ತಂದಿರಲಿಲ್ಲ. ಕೈಯಲ್ಲಿ ಎರಡು ವರ್ಷದ ಹಿಂದಿನ ನಮ್ಮ ಮನೆಯ ಪಟದ ಗಾಜಿನ ಪ್ಲೇಟು ಇತ್ತು.

"ಇದ್ನ ತಗುದ್ ನೋಡ್ದೆ ತಾಯಿ," ಎಂದು ಅತ್ತೆಗೆ ಹೇಳಿದರು. "ಎಲ್ಲಾರ್ಗೂ ನಾಕು ಎಣಿಸ್ದಂಗೆ ಈ ಕೂಸಿಗೂ ನಾಕೇ ಎಣಿಸಿವ್ನಿ. ನನ್ ಡಬ್ಬಿ ಆಕಾಸ ನೋಡಿ ಹೇಳ್ತದೆ, ಇವ್ಳ ಮೊಕ ನೋಡಿ ಹೇಳಾಕಿಲ್ಲ. ಇವ್ಳ ಚರ್ಮ ಬೆಳಕು ಕುಡೀತದೆ, ಇನ್ನಷ್ಟು ಕೊಡ್ಬೇಕಿತ್ತು. ಬೆಳಕು ಕಮ್ಮಿ ಕೊಟ್ಟೋನು ನಾನು. ತಪ್ಪು ಕೂಸಿನ ಬಣ್ಣದ್ದಲ್ಲ."

ನನ್ನ ಜೀವಮಾನದಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಕಪ್ಪಾಗಿದ್ದಕ್ಕೆ ನಾನೇ ಏನೋ ಮಾಡಿರಬೇಕು ಎನ್ನುವಂತೆ ಎಲ್ಲರೂ ನಡೆದುಕೊಂಡಿದ್ದರು, ನಾನೂ ನಂಬಿದ್ದೆ. ಒಬ್ಬ ಮುದುಕ ಗೋಡೆಯ ಆಚೆ ನಿಂತು ತಪ್ಪು ತನ್ನದು ಎನ್ನುತ್ತಿದ್ದ. ಕೈಯಲ್ಲಿದ್ದ ಬೂದಿ ಕಣ್ಣಿಗೆ ತಗುಲಿದ್ದಕ್ಕೋ ಏನೋ, ಕಣ್ಣಿನಲ್ಲಿ ನೀರು ಬಂತು.

ಮಾಮೂಲಿ ಪ್ಲೇಟು ಒಂದೇ ಒಂದು ಉಳಿದಿದೆ, ಯುದ್ಧದಿಂದಾಗಿ ಹೊಸದು ಸಿಗುತ್ತಿಲ್ಲ, ಇನ್ನೊಂದು ಸಲ ಕೂರಿಸಿಕೊಡಿ ಎಂದರು. ಅತ್ತೆ ತಾನು ಸೇದಿದ ಬಿಂದಿಗೆಯನ್ನು ಎತ್ತಿ ಗೋಡೆಯ ಮೇಲಿಂದ ಅವರ ಕೈಗೆ ಕೊಟ್ಟಳು. ಅಣ್ಣನ ಮಾತನ್ನು ಅವಳು ಮೀರಿದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ, "ಏಳೇ, ಮೊಕ ತೊಳ್ಕೊ," ಎಂದಳು.

ಉಟ್ಟ ಸೀರೆಯಲ್ಲೇ ಹೋದೆ. ಅತ್ತೆ ಕುಂಕುಮದ ಭರಣಿಯನ್ನು ನನ್ನ ಮುಂದೆ ಇಟ್ಟಳು, ತಾನು ಮುಟ್ಟಲಿಲ್ಲ, ನಾನೇ ಇಟ್ಟುಕೊಂಡೆ. ತಾತ ಗಾಜಿನ ಕೋಣೆಯಲ್ಲಿ ನನ್ನನ್ನು ಕೂರಿಸಿ, ದಾರ ಎಳೆದು ಬಟ್ಟೆ ಸರಿಸಿ, ಕರಿ ಮುಸುಕಿನೊಳಗೆ ತಲೆ ತೂರಿಸಿ ನೋಡಿದರು. ಬಲಗೆನ್ನೆಗೆ ಬೆಳಕು ಬಿದ್ದಿದೆ, ಎಡಗೆನ್ನೆ ಕತ್ತಲಲ್ಲಿದೆ ಎಂದರು. ಅತ್ತೆ ಹೊಸ್ತಿಲ ಆಚೆಯೇ ನಿಂತಿದ್ದಳು.

"ತಾಯಿ, ಒಳೀಕ್ ಬಾ. ಇಲ್ಲಿ, ಇವ್ಳ ಎಡಕ್ಕೆ ನಿಂತ್ಕೊ. ಸೆರಗು ಹರವಿ ಹಿಡ್ಕೊ. ನಿನ್ ಸೀರೆ ಬೆಳಕು ಇವ್ಳ ಮೊಕಕ್ಕೆ ಬೀಳ್ಬೇಕು."

"ನಾನಾ?" ಎಂದಳು ಅತ್ತೆ. "ಇಂಥಾ ಕೆಲ್ಸಕ್ಕೆ ನಾನ್ ಬರ್ಬಾರ್ದು ಮಾವ."

"ನೀನ್ ಬರ್ದಿದ್ರೆ ಬೆಳಕು ಸಾಲ್ದು."

ಅವರ ಹಿಂದೆ ಹಗ್ಗದ ಮೇಲೆ ಒಗೆದ ಬಿಳಿ ದುಪ್ಪಟಿ ನೇತಾಡುತ್ತಿತ್ತು. ಬೇರೆಯವರ ಪಟ ತೆಗೆಯುವಾಗ ಅವರು ಅದನ್ನೇ ಹಿಡಿಸುತ್ತಿದ್ದದ್ದು. ನಾನು ಅದನ್ನು ನೋಡಿದೆ. ಅತ್ತೆಯೂ ನೋಡಿರಬೇಕು. ಅವಳು ಹೊಸ್ತಿಲು ದಾಟಿ ಒಳಗೆ ಬಂದು, ನನ್ನ ಎಡಕ್ಕೆ ನಿಂತು, ಎರಡು ಕೈಯಿಂದ ಸೆರಗು ಹರವಿ ಹಿಡಿದಳು. ನನ್ನ ಕೆನ್ನೆಯ ಮೇಲೆ ಬೆಳಕು ಬಂದದ್ದು ನನಗೇ ತಿಳಿಯಿತು.

ತಾತ ಡಬ್ಬಿ ತೆಗೆಯಲಿಲ್ಲ. ಒಂಬತ್ತು ಎಣಿಸುತ್ತೇನೆ ಎಂದರು. ಅಷ್ಟು ಎಣಿಸಿದರೆ ಹಿಂದಿನ ಸುಣ್ಣದ ಗೋಡೆ ಪೂರಾ ಬೆಳ್ಳಗಾಗಿ ಹೋಗುವುದಿಲ್ಲವೇ ಎಂದು ನಾನು ಕೇಳಿದೆ, ವಾರವಿಡೀ ಅವರ ವರದಿ ಕೇಳಿ ನನಗೂ ಅಷ್ಟು ವಿದ್ಯೆ ಬಂದಿತ್ತು.

"ಗೋಡೆ ಹಾಳಾಗೋಗ್ಲಿ ಬುಡು. ಗೋಡೇನ ಯಾರವ್ವ ಮದ್ವೆ ಆಗ್ತಾರೆ?"

ನಗು ತಡೆದುಕೊಂಡೆ. ಅವರು ಮುಚ್ಚಳ ತೆಗೆದರು. ಒಂದು... ಎರಡು... ಮೂರು... ನಾಲ್ಕಕ್ಕೆ ಮುಚ್ಚುವ ಅಭ್ಯಾಸದ ಕೈ ಒಂಚೂರು ಮೇಲೆದ್ದು ಮತ್ತೆ ಇಳಿಯಿತು. ಐದು... ಆರು... ಪಕ್ಕದಲ್ಲಿ ಅತ್ತೆಯ ಉಸಿರು ಕೇಳುತ್ತಿತ್ತು. ಒಂಬತ್ತು ಎನ್ನುವಾಗ ತಾತನ ದನಿ ಗಟ್ಟಿಯಾಗಿತ್ತು.

ಭಾನುವಾರ ಸಂಜೆ ಪಟ ಬಂತು. ಅತ್ತೆ ಅದನ್ನು ತಾನೇ ತಂದು ಅಪ್ಪನ ಮುಂದೆ ಇಟ್ಟಳು. ನಾನು ಕಪ್ಪಾಗಿಯೇ ಇದ್ದೆ. ಆದರೆ ಮುಖ ಇತ್ತು. ಕೆನ್ನೆ ಇತ್ತು, ಮೂಗುಬೊಟ್ಟು ಇತ್ತು, ತಡೆದುಕೊಂಡ ನಗು ತುಟಿಯ ಮೂಲೆಯಲ್ಲಿ ಹಾಗೇ ನಿಂತಿತ್ತು, ಹಣೆಯ ಮೇಲೆ ಕುಂಕುಮ ದುಂಡಗೆ ಎದ್ದು ಕಾಣುತ್ತಿತ್ತು. ಅಪ್ಪ ಬೆಳಕಿಗೆ ಹಿಡಿದು ನೋಡಿದರು. ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು ಎಂದು ಕೇಳಿದರು. "ನಾನು," ಎಂದಳು ಅತ್ತೆ. ಸೋಮವಾರ ಅಪ್ಪ ಕೊರಟಗೆರೆಗೆ ಹೋಗುವ ಬದಲು ಪಟವನ್ನು ಪಾವಗಡಕ್ಕೆ ಕಳಿಸಿದರು.

ಹದಿನೈದು ದಿನಕ್ಕೆ ಅವರು ಬಂದರು. ನನ್ನ ಅತ್ತೆಯಾಗಲಿದ್ದವರು ನನ್ನ ಗಲ್ಲ ಹಿಡಿದೆತ್ತಿ, ತಮ್ಮ ಕಡೆಯ ಮಾತಿನಲ್ಲಿ "ಪಿಲ್ಲ ನಲುಪೇ, ಕಾನಿ ಮೊಖಾನ ಕಳ ಉಂದಿ," ಎಂದರು. ಹುಡುಗಿ ಕಪ್ಪೇ, ಆದರೆ ಮುಖದಲ್ಲಿ ಕಳೆ ಇದೆ ಎಂದು. ಮೇಷ್ಟ್ರು ಉಪ್ಪಿಟ್ಟನ್ನು ಒಂದೇ ಸಲ ಹಾಕಿಸಿಕೊಂಡು ತಿಂದರು. ಮದುವೆಯಾದ ಎಷ್ಟೋ ವರ್ಷದ ಮೇಲೆ, ಆ ಪಟದಲ್ಲಿ ನೀನು ಯಾರನ್ನೋ ಗೇಲಿ ಮಾಡಲು ಹೊರಟವಳ ಹಾಗೆ ಕಂಡೆ, ಯಾರನ್ನು ಎಂದು ತಿಳಿಯಬೇಕೆನಿಸಿತು, ಅದಕ್ಕೇ ಹೂಂ ಎಂದೆ ಎಂದು ಹೇಳಿದರು. ಗೋಡೆಯ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕರು. ಅವರೊಂದಿಗೆ ನಲವತ್ತು ವರ್ಷ ಬಾಳಿದೆ, ಚೆನ್ನಾಗಿ ಬಾಳಿದೆ.

ಆದರೆ ನನ್ನ ಮದುವೆಗೆ ಪಟದ ತಾತನನ್ನು ಕರೆಯಲಿಲ್ಲ. ಊರಿನ ಬಾಯಿ ಇನ್ನೂ ಮುಚ್ಚಿರಲಿಲ್ಲ, ಅಪಶಕುನ ಬೇಡವೆಂದು ಅವ್ವ ಹಟ ಹಿಡಿದಳು. ಪಟ ತೆಗೆಯಲು ತುಮಕೂರಿನಿಂದ ಯಾರನ್ನೋ ಕರೆಸಿದರು. ಅತ್ತೆ ಎಂದಿನಂತೆ ಉಗ್ರಾಣದಲ್ಲಿದ್ದಳು. ಎಲ್ಲದಕ್ಕೂ ಬಾಯಿ ಹಾಕುವವಳು ನಾನು, ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಅವರಿಬ್ಬರೂ ಇಲ್ಲದಿದ್ದರೆ ಈ ಹಸೆ ನನಗಿಲ್ಲ ಎಂಬ ಒಂದು ಮಾತನ್ನು ಆಡಬಹುದಿತ್ತು... ಆಡಲಿಲ್ಲ. ಮಾರನೆಯ ದಿನ ನಮ್ಮ ಗಾಡಿ ಅವರ ಮನೆಯ ಮುಂದೆ ಹೋಯಿತು. ಜಗುಲಿಯ ಮೇಲೆ ನಿಂತಿದ್ದರು, ನಕ್ಕರು. ನಾನು ಹೊಸ ಹೆಣ್ಣು, ಗಾಡಿ ತುಂಬಾ ಗಂಡನ ಕಡೆಯ ಹಿರಿಯರು, ಕೈ ಎತ್ತಲಿಲ್ಲ.

ಚೊಚ್ಚಲು ಬಾಣಂತನಕ್ಕೆ ಬಂದಾಗ ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಗಾಜಿನ ಕೋಣೆಯಲ್ಲಿ ಯಾರೋ ಕಡಲೆಕಾಯಿ ಮೂಟೆ ಒಟ್ಟಿದ್ದರು. ದೂರದ ಸಂಬಂಧಿಕರು ಬಂದು ಅವರ ನೂರಾರು ಪ್ಲೇಟುಗಳನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ದೇವರ ಪಟಗಳಿಗೆ ಕಟ್ಟು ಹಾಕುವವರಿಗೆ ಗಾಜು ಮಾಡಿ ಕೊಟ್ಟರಂತೆ. ಆ ಊರಿನ ಎಷ್ಟು ಮುಖಗಳು ಬಚ್ಚಲ ನೀರಿನಲ್ಲಿ ಹರಿದುಹೋದವೋ... ಅತ್ತೆ ನಾಲ್ಕು ದಿನ ಅದೇ ಮಾತಾಡಿಕೊಂಡಿದ್ದಳು. ಬೆಳಿಗ್ಗೆ ಮರೆತು ಎರಡು ಬಿಂದಿಗೆ ಹೆಚ್ಚು ಸೇದಿಬಿಡುತ್ತೇನೆ ಎಂದಳು. ಅವಳೂ ಹೋಗಿ ಈಗ ಮೂವತ್ತು ವರ್ಷದ ಮೇಲಾಯಿತು. ಅವಳ ಪಟ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಬಿಳಿ ಸೀರೆಯವಳನ್ನು ಕೂರಿಸಿ ಪಟ ತೆಗೆಸುವ ಯೋಚನೆ ಆಗ ಯಾರಿಗೂ ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಟ್ರಂಕಿನಿಂದ ನನ್ನ ಆ ಪಟವನ್ನು ಹುಡುಕಿ ತೆಗೆದು, ದೊಡ್ಡದು ಮಾಡಿಸಿ ಕಟ್ಟು ಹಾಕಿಸುತ್ತೇನೆಂದು ಸ್ಟುಡಿಯೋಗೆ ಕೊಂಡುಹೋದ. ನಿನ್ನೆ ಸಂಜೆ ಹಾಗೇ ವಾಪಸು ತಂದ.

"ಅಜ್ಜಿ, ನಿನ್ನ ಎಡಗಡೆ ಅಂಚಲ್ಲಿ ಬೆಳಕು ಸೋರಿ ಬೆಳ್ಳಗಾಗಿದೆಯಂತೆ. ಅಷ್ಟನ್ನ ಕತ್ತರಿಸಿ ಮಾಡಿಕೊಡ್ಲಾ ಅಂತ ಕೇಳಿದ್ರು."

ಐವತ್ತು ವರ್ಷದಿಂದ ನಾನೂ ಅದನ್ನು ಹಾಗೆಯೇ ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದೆ. ಬೆರಳಗಲದ ಆ ಬಿಳುಪಿನಲ್ಲಿ ಬಟ್ಟೆಯ ಮೂರು ನಿರಿಗೆ ಇದ್ದವು. ಮೇಲುಗಡೆ, ಸೆರಗನ್ನು ಬಿಗಿಯಾಗಿ ಹಿಡಿದ ಎರಡು ಬೆರಳು. ಪಟದ ಅಂಚಿಗೆ ಕುರ್ಚಿಯ ಕಾಲು ಬಂದರೂ ಮುಸುಕಿನಿಂದ ತಲೆ ತೆಗೆದು ಹತ್ತು ಸಲ ಕ್ಯಾಮೆರಾ ಸರಿಸುತ್ತಿದ್ದವರು ತಾತ. ಇದು ಅವರ ಕಣ್ಣು ತಪ್ಪಿ ಬಂದದ್ದಲ್ಲ. ಇಬ್ಬರಲ್ಲಿ ಒಬ್ಬರಾದರೂ ಇದ್ದಾಗ ನಾನು ಇಷ್ಟು ಹತ್ತಿರದಿಂದ ನೋಡಲಿಲ್ಲವಲ್ಲ ಎಂದು ಕಿಟಕಿಯ ಹತ್ತಿರವೇ ನಿಂತು ಅತ್ತುಬಿಟ್ಟೆ.

"ಕತ್ತರಿಸಬೇಡ ಅಂತ ಹೇಳು ಮಗಾ," ಎಂದೆ. "ಅದು ನಮ್ಮತ್ತೆ."